ಟಕ್ ಟಕ್ ಅನ್ನುವ ಹಾರ್ಡ್‌ಡಿಸ್ಕ್ ಮತ್ತು ಅವ್ವನ ಹಾಡು

ರೋಣದ ನನ್ನ ತವರುಮನೆಯ ಪಡಸಾಲೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ. 2001ರಲ್ಲಿ ಅಪ್ಪ ಹುಬ್ಬಳ್ಳಿಯಿಂದ ತರಿಸಿದ್ದು. ಪೆಂಟಿಯಂ 3, 128 ಎಂಬಿ ರ‍್ಯಾಮ್, 20 ಜಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 98. ನಮ್ಮ ಓಣಿಗೆಲ್ಲ ಅದೇ ಮೊದಲನೆಯದು. ಎರಿ ಹೊಲದ ಧೂಳು ಕೂಡಬಾರದು ಅಂತ ಅವ್ವ ಅದರ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸುತ್ತಿದ್ದಳು.

ಅಪ್ಪ ಪ್ರಾಥಮಿಕ ಶಾಲೆ ಮಾಸ್ತರರು. ನಿವೃತ್ತಿಯಾದ ಮೇಲೆ ‘ನುಡಿ’ ಹಾಕಿಸಿಕೊಂಡು ಒಂದೇ ಬೆರಳಲ್ಲಿ ಕನ್ನಡ ಟೈಪ್ ಮಾಡುವುದನ್ನು ಕಲಿತರು. ರಾತ್ರಿ ಊಟವಾದ ಮೇಲೆ ಅವ್ವ ಬೀಸುವ ಪದ, ಸೋಬಾನ ಪದ ಹೇಳುವುದು, ಅಪ್ಪ ಟೈಪ್ ಮಾಡುವುದು. ಅವ್ವನಿಗೆ ಓದು ಬರುತ್ತಿರಲಿಲ್ಲ. “ಕಲ್ಲು ತಿರುಗಿದ್ರ ಪದ ಬರ್ತಾವರಿ, ಸುಮ್ನ ಕುಂತ್ರ ಹ್ಯಾಂಗ ಬರಬೇಕು?” ಅನ್ನುತ್ತ, ಇಲ್ಲದ ಬೀಸುಕಲ್ಲನ್ನು ನೆಲದ ಮೇಲೆ ಕೈಯಿಂದ ತಿರುವುತ್ತ ಹಾಡುತ್ತಿದ್ದಳು. ಮೈಕು ಹಚ್ಚಿ ಧ್ವನಿಯನ್ನೂ ಹಿಡಿಯಲು ನೋಡಿದ್ದೆವು. ಆದರೆ ವಿಂಡೋಸ್‌ನ ಸೌಂಡ್ ರೆಕಾರ್ಡರ್ 60 ಸೆಕೆಂಡಿಗೆ ನಿಂತುಬಿಡುತ್ತಿತ್ತು. “ನಿಮ್ಮ ಮಷೀನಿಗೆ ದಮ್ ಇಲ್ಲ ಬಿಡ್ರಿ” ಅಂತ ಅವ್ವ ನಗುತ್ತಿದ್ದಳು.

2016ರಲ್ಲಿ ಅವ್ವ ಹೋದಳು. ಆಮೇಲೆ ಆ ಕಂಪ್ಯೂಟರೂ ಒಂದು ದಿನ ಚಲೋ, ಒಂದು ದಿನ ಮುನಿಸು. ಕರೆಂಟ್ ಹೋಗಿ ಬಂದರೆ ನೀಲಿ ಪರದೆ ಮೂಡಿ ಸ್ಕ್ಯಾನ್‌ಡಿಸ್ಕ್ ಓಡುತ್ತಿತ್ತು. ಹೋದ ವರ್ಷದಿಂದ ಒಳಗೆ ಟಕ್ ಟಕ್ ಸದ್ದು ಶುರುವಾಯಿತು. ಅಪ್ಪ ಡಬ್ಬಿಯ ಪಕ್ಕಕ್ಕೆ ಮೆಲ್ಲಗೆ ಬಡಿಯುತ್ತಿದ್ದರು, ಅದು ಮತ್ತೆ ಏಳುತ್ತಿತ್ತು. ಎರಡು ಸಲ ನನಗೆ ಫೋನ್ ಮಾಡಿ, “ತಂಗಿ, ಇದು ಯಾಕೋ ಸರಿ ಅನಸವಲ್ದು” ಅಂದಿದ್ದರು. ಗಜೇಂದ್ರಗಡದಿಂದ ರೋಣಕ್ಕೆ ಎಷ್ಟು ದೂರ ಮಹಾ? ಆದರೂ “ರಜಾದಾಗ ಬರ್ತೇನಿ” ಅಂತ ನಾನೇ ಮುಂದೂಡಿದೆ. ಆ ತಪ್ಪು ನನ್ನದೇ.

ಏಪ್ರಿಲ್‌ನಲ್ಲಿ ಹೋದಾಗ ಪರದೆ ಕಪ್ಪಗಿತ್ತು. ಡಿಸ್ಕ್ ಸಿಗುತ್ತಿಲ್ಲ ಅಂತ ಬಿಳಿ ಅಕ್ಷರದಲ್ಲಿ ಒಂದು ಸಾಲು, ಅಷ್ಟೇ. ನೋಡಲು ಬಂದವನೊಬ್ಬ “ಫಾರ್ಮ್ಯಾಟ್ ಹೊಡದ್ರ ಸರಿ ಆಗತೈತ್ರಿ” ಅಂದ. ಫಾರ್ಮ್ಯಾಟ್ ಅಂದರೆ ಪಾಟಿ ಒರೆಸಿದಂತೆ ಅಂತ ಅಪ್ಪನಿಗೆ ಗೊತ್ತಿತ್ತು. ಪುಣ್ಯಕ್ಕೆ ಬೇಡ ಅಂದರು.

ನರಗುಂದದಲ್ಲಿ ಅಪ್ಪನ ಹಳೇ ವಿದ್ಯಾರ್ಥಿಯ ಮಗ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಡಿಸ್ಕನ್ನು ಬಿಚ್ಚಿ ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಅಪ್ಪ ಅದನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಆ ಹುಡುಗ ಕಿವಿ ಹಚ್ಚಿ ಸದ್ದು ಕೇಳಿದ. “ಒಳಗ ತಟ್ಟಿ ಮಿನಿಟಿಗೆ ಸಾವಿರಾರು ಸುತ್ತು ತಿರಗತೈತ್ರಿ. ಓದೋ ಮುಳ್ಳು ಅದರ ಮ್ಯಾಲೆ, ಕೂದಲೆಳಿಗಿಂತ ಸಣ್ಣ ಸಂದಿನಾಗ ತೇಲತೈತಿ. ಜಾಗ ಸಿಗಲಿಲ್ಲಂದ್ರ ವಾಪಸ್ ಬಂದು ಮತ್ತ ಶುರು ಮಾಡತೈತಿ. ಎತ್ತು ಸಾಲು ತಪ್ಪಿದ್ರ ಬದುವಿಗೆ ಬಂದು ಮತ್ತ ಹೂಡಿದಂಗ. ಅದ ಈ ಟಕ್ ಟಕ್. ಇನ್ನ ಬಡೀಬ್ಯಾಡ್ರಿ, ಸ್ಕ್ಯಾನ್‌ಡಿಸ್ಕೂ ಹಚ್ಚಬ್ಯಾಡ್ರಿ. ಎದಿನೋವು ಇದ್ದವನ್ನ ಓಡಿಸಿ ನಾಡಿ ನೋಡಿದಂಗ ಆಗತೈತಿ.”

40 ಪಿನ್ನಿನ ಹಳೇ ಡಿಸ್ಕಿಗೆ ಹೊಂದುವ ಅಡಾಪ್ಟರ್ ಹುಡುಕಿ ತನ್ನ ಕಂಪ್ಯೂಟರಿಗೆ ಜೋಡಿಸಿದ. ಎದುರಿಗೆ ಫ್ಯಾನ್ ಇಟ್ಟ. ಸ್ವಲ್ಪ ಹೊತ್ತಿಗೆ ನಮ್ಮ ಮನೆಯ ಫೋಲ್ಡರುಗಳು ಪರದೆಯಲ್ಲಿ ಕಂಡವು. ನಾನು ಉಸಿರು ಬಿಟ್ಟೆ. ಅವನು ಮಾತ್ರ ಕೈ ತಡೆದ.

“ಎಷ್ಟು ಹೊತ್ತು ನಡೀತೈತೋ ಹೇಳಾಕ ಬರೂದಿಲ್ಲ. ಮೊದ್ಲ ಏನು ತಗೀಲ್ರಿ ಸರ್ರ?”

ಅದರಲ್ಲಿ ಪೆನ್ಶನ್ ಕಾಗದಗಳಿದ್ದವು, ಮೊಮ್ಮಕ್ಕಳ ಫೋಟೊಗಳಿದ್ದವು. ಅಪ್ಪ ಹತ್ತು ವರ್ಷದಿಂದ ಬರೆಯುತ್ತಿದ್ದ ರೋಣದ ಇತಿಹಾಸವಿತ್ತು. ಗುಡಿಗಳು, ಶಾಸನಗಳು, 1922ರಲ್ಲಿ ಇದೇ ಊರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು, ಎಲ್ಲ ಅದರಲ್ಲಿ. ಅಪ್ಪ ಅದನ್ನೇ ಕೇಳುತ್ತಾರೆ ಅಂದುಕೊಂಡಿದ್ದೆ.

“ಹಾಡಿನ ಫೋಲ್ಡರ್ ತಗೀಪಾ. ಊರ ಇತಿಹಾಸ ಇನ್ನೊಬ್ಬರು ಯಾರರ ಬರೀತಾರ. ಇವನ್ನ ಯಾರು ಹಾಡ್ಯಾರು?”

ನಾಲ್ಕು ಸಲ ನಿಂತಿತು, ನಾಲ್ಕು ಸಲ ಆರಲು ಬಿಟ್ಟು ಮತ್ತೆ ಹಚ್ಚಿದ. ಸಂಜೆಯ ಹೊತ್ತಿಗೆ 46 ಪದಗಳಲ್ಲಿ 41 ಬಂದವು. ಧ್ವನಿಯ ಆರು ಫೈಲಿನಲ್ಲಿ ಎರಡೇ. ಇತಿಹಾಸ ಅರ್ಧ ಬರುವಷ್ಟರಲ್ಲಿ ಡಿಸ್ಕ್ ಸುಮ್ಮನಾಯಿತು. ಮತ್ತೆ ಏಳಲಿಲ್ಲ.

ಮನೆಗೆ ಬಂದು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಇನ್ನೊಂದು ಫಜೀತಿ. ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು! ಅವು ಹಳೇ ನುಡಿ ಫಾಂಟಿನ ಫೈಲುಗಳು. ಯುನಿಕೋಡಿಗೆ ಬದಲಿಸಿದ ಮೇಲೆ ಅವ್ವನ ಪದಗಳು ಕನ್ನಡವಾಗಿ ಕಂಡವು. ಕೆಲವು ಒತ್ತಕ್ಷರ ತಪ್ಪಾಗಿದ್ದವು, ಅಪ್ಪ ಕನ್ನಡಕ ಏರಿಸಿಕೊಂಡು ಒಂದೊಂದಾಗಿ ತಿದ್ದಿಸಿದರು.

ಈಗ ಪ್ರಿಂಟ್ ತೆಗೆದು ಹೊಲಿಸಿದ ಪುಸ್ತಕ ರೋಣದಲ್ಲಿದೆ, ಒಂದು ಪೆನ್‌ಡ್ರೈವ್ ಅಲ್ಲೇ, ಇನ್ನೊಂದು ಗಜೇಂದ್ರಗಡದಲ್ಲಿ ನನ್ನ ಹತ್ತಿರ. ತಿಂಗಳಿಗೊಮ್ಮೆ ಇಬ್ಬರೂ ತೆರೆದು ನೋಡಿ ಫೋನಿನಲ್ಲಿ ಹೇಳಿಕೊಳ್ಳುತ್ತೇವೆ. ಒಂದೇ ಕಡೆ ಇಟ್ಟದ್ದು ಇಟ್ಟಂತಲ್ಲ ಅಂತ ಗೊತ್ತಾಗಲು ನಮಗೆ ಐದು ಹಾಡಿನ ಬೆಲೆ ತೆರಬೇಕಾಯಿತು. ನಿಮ್ಮ ಮನೆಯ ಹಳೇ ಕಂಪ್ಯೂಟರಿನಲ್ಲೂ ಇಂಥ ಸದ್ದು ಕೇಳಿಸಿದರೆ ರಜೆಗೆ ಕಾಯಬೇಡಿ. ಮೊದಲು ಏನು ತೆಗೆಯಬೇಕು ಅಂತ ಇವತ್ತೇ ಮನೆಯಲ್ಲಿ ಮಾತಾಡಿಕೊಳ್ಳಿ.

ಉಳಿದ ಎರಡು ಧ್ವನಿ ಫೈಲುಗಳಲ್ಲಿ ಒಂದರಲ್ಲಿ ಹಾಡಿಗಿಂತ ಮೊದಲು ಅವ್ವ “ಶುರು ಆತೇನ್ರಿ?” ಅಂತ ಕೇಳುತ್ತಾಳೆ. ಹಿಂದಿನಿಂದ ಅಪ್ಪನ ಧ್ವನಿ, “ಹೂಂ, ಹಾಡು.” ಅಪ್ಪ ದಿನಾ ರಾತ್ರಿ ಊಟವಾದ ಮೇಲೆ ಅದನ್ನು ಒಮ್ಮೆ ಹಚ್ಚುತ್ತಾರೆ. ಸರಿಯಾಗಿ 60 ಸೆಕೆಂಡು.