ಪುಗ್ಗೆಯ ಮೇಲೊಂದು ಹೆಸರು

ಶಾಲೆಗೆ ಮೊದಲ ದಿನ ಬರುವ ಮಗುವಿಗೆ ಏನನ್ನು ಕೊಡಬೇಕು? ಪುಸ್ತಕವೆನ್ನುವವರುಂಟು, ಸಿಹಿಯೆನ್ನುವವರುಂಟು. ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳ ಕನ್ನಡ ಶಾಲೆಗಳಲ್ಲಿ ಸೇವೆ ಸಲ್ಲಿಸಿ ನಿವೃತ್ತಳಾದ ನನ್ನನ್ನು ಕೇಳಿದರೆ, ಮಗುವಿಗೆ ಅದರ ಹೆಸರನ್ನೇ ಕೊಡಬೇಕು ಎನ್ನುತ್ತೇನೆ. ಮನೆಯಲ್ಲಿ ಮಾಣಿಯೆಂದೋ ಪುಟ್ಟಿಯೆಂದೋ ಕರೆಸಿಕೊಂಡ ಕೂಸು ತನ್ನ ನಿಜನಾಮವನ್ನು ಅಕ್ಷರರೂಪದಲ್ಲಿ ಕಾಣುವುದು ಬಹುಶಃ ಅಂದೇ ಮೊದಲು. ಹಾಜರಿ ಪುಸ್ತಕದಲ್ಲಿರುವ ಹೆಸರು ಮಗುವಿನ ಕಣ್ಣಿಗೆ ಬೀಳದು. ಅದನ್ನೇ ಒಂದು ಬಣ್ಣದ ಪುಗ್ಗೆಯ ಮೇಲೆ ಬರೆದು, ಕೆಳಗೊಂದು ನಗುಮುಖ ಬಿಡಿಸಿ ಕೈಗಿತ್ತರೆ ತಾಯಿಯ ಸೆರಗನ್ನು ಬಿಡದ ಮಗುವೂ ಬಿಡುತ್ತದೆ. ನಮ್ಮ ಧಾರವಾಡದ ಕಡೆ ಪುಗ್ಗಾ, ಪೇಟೆಯ ಮಾತಿನಲ್ಲಿ ಬಲೂನು. ಹೆಸರು ಯಾವುದಾದರೇನು, ಮಕ್ಕಳಿಗೆ ಅದರ ಮೇಲಿರುವ ಮೋಹ ಎಲ್ಲೆಡೆಯೂ ಒಂದೇ.

ಈ ಪದ್ಧತಿಯನ್ನು ನಾನು ಮೊದಲು ಕಂಡದ್ದು ಕಡಲತಡಿಯ ಒಂದು ಶಾಲೆಯಲ್ಲಿ. ಅಲ್ಲಿ ಹೆಸರುಗಳನ್ನು ಮಕ್ಕಳ ಸ್ಕೆಚ್ ಪೆನ್ನಿನಿಂದ ಬರೆಯಲಾಗಿತ್ತು. ಜೂನ್ ತಿಂಗಳ ಮೊದಲ ವಾರ, ಹೊರಗೆ ಜಡಿಮಳೆ, ಒಳಗೆ ಬೆವರು. ಅರ್ಧ ಗಂಟೆಯೊಳಗೆ ಒಬ್ಬ ಹುಡುಗನ ಅಂಗೈಯೆಲ್ಲ ಹಸಿರಾಗಿ, ಪುಗ್ಗೆ ಬರಿದಾಯಿತು. ಅವನು ಎರಡನ್ನೂ ಹಿಡಿದು ನನ್ನ ಬಳಿಗೆ ಬಂದು, “ಅಕ್ಕೋರೇ, ನನ್ನ ಹೆಸರು ಹೋಯ್ತು” ಎಂದು ಬಿಕ್ಕಿ ಬಿಕ್ಕಿ ಅತ್ತನು. ಸುತ್ತ ನಿಂತ ಹಿರಿಯರು ನಕ್ಕರು. ನನಗೆ ನಗು ಬರಲಿಲ್ಲ. ಬರೆದದ್ದು ಅಳಿಸಿಹೋಗುತ್ತದೆಂಬುದು ಆ ಮಗುವಿಗೆ ಶಾಲೆ ಕಲಿಸಿದ ಮೊದಲ ಪಾಠವಾಗಬಾರದಿತ್ತು. ಮರುವರ್ಷದಿಂದ ಪೆನ್ನು ಆರಿಸುವ ಕೆಲಸವನ್ನು ನಾನೇ ವಹಿಸಿಕೊಂಡೆನು.

ಪುಗ್ಗೆಯೆಂದರೆ ರಬ್ಬರ್ ಮರದ ಹಾಲು. ಆ ಹಾಲಿಗೆ ಗಂಧಕವೇ ಮೊದಲಾದುವನ್ನು ಬೆರೆಸಿ, ಅಚ್ಚುಗಳನ್ನು ಅದರಲ್ಲಿ ಅದ್ದಿ ತೆಗೆದು, ಬಿಸಿಯಲ್ಲಿ ಹದಗೊಳಿಸಿದರೆ ಈ ತೆಳುಪೊರೆ ಸಿದ್ಧವಾಗುತ್ತದೆ. ಮೊದಲ ರಬ್ಬರ್ ಪುಗ್ಗೆಯನ್ನು ಮಾಡಿದವನು ವಿಜ್ಞಾನಿ ಮೈಕೆಲ್ ಫ್ಯಾರಡೆ. 1824ರಲ್ಲಿ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ, ಜಲಜನಕದ ಪ್ರಯೋಗಗಳಿಗಾಗಿ. ಎರಡು ರಬ್ಬರ್ ಹಾಳೆಗಳ ಅಂಚುಗಳನ್ನು ಒತ್ತಿ ಕೂಡಿಸಿ, ನಡುಭಾಗ ಅಂಟಿಕೊಳ್ಳದಿರಲೆಂದು ಒಳಗೆ ಹಿಟ್ಟು ಸವರಿದ್ದನಂತೆ. ಇಂದಿನ ಪುಗ್ಗೆಗಳ ಮೇಲೂ ಅಂಥದೇ ಒಂದು ಬಿಳಿಯ ಪುಡಿ ಇರುತ್ತದೆ. ಬರೆಯುವ ಮೊದಲು ಒಣಗಿದ ಹತ್ತಿಬಟ್ಟೆಯಿಂದ ಅದನ್ನು ಒರೆಸದಿದ್ದರೆ ಮಸಿ ಪುಡಿಯ ಮೇಲೆ ನಿಲ್ಲುತ್ತದೆಯೇ ಹೊರತು ರಬ್ಬರಿನ ಮೇಲಲ್ಲ. ಪೆನ್ನಿನ ತುದಿಯೂ ಕಟ್ಟಿಕೊಳ್ಳುತ್ತದೆ.

ಇನ್ನು ಪೆನ್ನಿನ ವಿಚಾರ. ಸ್ಕೆಚ್ ಪೆನ್ನಿನ ಮಸಿ ನೀರಿನದು. ರಬ್ಬರು ನೀರನ್ನು ಹೀರದು. ಕೆಸುವಿನೆಲೆಯ ಮೇಲಿನ ಹನಿಯಂತೆ ಮಸಿ ಹನಿಗಟ್ಟಿ ನಿಂತು, ಒಣಗಿದರೂ ಹಿಡಿತವಿಲ್ಲದೆ ಕೈಗೆ ಬರುತ್ತದೆ. ಜೆಲ್ ಪೆನ್ನಿನದೂ ಇದೇ ಕಥೆ. ಬಾಲ್ ಪೆನ್ನಿನ ಮೊನೆ ಪುಗ್ಗೆಯನ್ನೇ ತಿವಿಯುತ್ತದೆ. ಬಿಳಿಹಲಗೆಯ ಮೇಲೆ ಬರೆಯುವ ಮಾರ್ಕರ್ ನೋಡಲು ಚೆನ್ನ, ಆದರೆ ಒರೆಸಿದೊಡನೆ ಹೋಗಲೆಂದೇ ಅದರ ಮಸಿಯನ್ನು ಮಾಡಿರುತ್ತಾರೆ; ಅದು ತನ್ನ ಧರ್ಮವನ್ನು ಪುಗ್ಗೆಯ ಮೇಲೂ ಬಿಡದು.

ಒದಗುವುದು ಪರ್ಮನೆಂಟ್ ಮಾರ್ಕರ್, ಅದರಲ್ಲಿಯೂ ಮದ್ಯಸಾರದ ಮಸಿಯುಳ್ಳದ್ದು. ಮದ್ಯಸಾರ ಬೇಗ ಆವಿಯಾಗಿ, ಬಣ್ಣವನ್ನು ಹಿಡಿದ ರಾಳದ ಪದರ ರಬ್ಬರಿಗೆ ಅಂಟಿ ಉಳಿಯುತ್ತದೆ. ಸಿ.ಡಿ.ಗಳ ಮೇಲೆ ಬರೆಯಲು ಮಾರುತ್ತಿದ್ದ ಸಣ್ಣ ತುದಿಯ ಮಾರ್ಕರ್ ಹೆಸರಿಗೂ, ದಪ್ಪ ತುದಿಯದು ಕಣ್ಣು ಮೂಗುಗಳಿಗೂ ಅನುಕೂಲ. ಆದರೆ ಪರ್ಮನೆಂಟ್ ಎಂದು ಬರೆದಿರುವುದೆಲ್ಲವೂ ನಮ್ಮದಲ್ಲ. ಪೆಟ್ಟಿಗೆಗಳ ಮೇಲೆ ಗುರುತು ಹಾಕುವ, ಮುಚ್ಚಳ ತೆಗೆದರೆ ತಲೆ ತಿರುಗುವಂತೆ ಘಾಟು ಬಡಿಯುವ ಮಾರ್ಕರುಗಳಲ್ಲಿ ಕ್ಸೈಲೀನ್, ಟಾಲ್ವೀನ್‌ಗಳಂಥ ದ್ರಾವಕಗಳಿರುತ್ತವೆ. ಇವು ರಬ್ಬರನ್ನು ಉಬ್ಬಿಸಿ ಬಲಗುಂದಿಸುತ್ತವೆ. ಗೆರೆ ಎಳೆದಲ್ಲಿಯೇ ಪುಗ್ಗೆ ಒಡೆಯುತ್ತದೆ. ಎಣ್ಣೆಬಣ್ಣದ ಮಾರ್ಕರುಗಳೂ ಬೇಡ. ಅಂಗಡಿಯಲ್ಲಿ ಮುಚ್ಚಳ ತೆಗೆದು ಮೂಸಿ ನೋಡುವುದು ಗೌರವದ ಕೆಲಸವಲ್ಲದಿರಬಹುದು. ನಾನು ಮಾತ್ರ ಸಂಕೋಚಪಡದೆ ಮೂಸಿಯೇ ಕೊಂಡಿದ್ದೇನೆ.

ಎಣ್ಣೆಯ ಮಾತು ಬಂದುದರಿಂದ ಇನ್ನೊಂದು ಸಂಗತಿ. ನಮ್ಮ ಕರಾವಳಿಯ ತಾಯಂದಿರು ಶಾಲೆಯ ಮೊದಲ ದಿನ ಮಗುವಿನ ತಲೆಗೆ ಕೊಬ್ಬರಿ ಎಣ್ಣೆಯನ್ನು ಧಾರಾಳವಾಗಿ ಹಚ್ಚಿ ಕಳುಹಿಸುತ್ತಾರೆ. ಆ ಎಣ್ಣೆಗೈ ತಗುಲಿದರೂ ರಬ್ಬರು ಸಡಿಲಗೊಳ್ಳುತ್ತದೆ. ಆದ್ದರಿಂದ ಪುಗ್ಗೆಯ ಕುತ್ತಿಗೆಗೆ ಉದ್ದನೆಯ ದಾರ ಕಟ್ಟಿ, ದಾರವನ್ನೇ ಮಗುವಿನ ಕೈಗೆ ಕೊಡುವುದು ಲೇಸು. (ಕಿತ್ತಳೆ ಸಿಪ್ಪೆಯನ್ನು ಹಿಂಡಿ ಅದರ ರಸ ಸಿಡಿಸಿದರೆ ಪುಗ್ಗೆ ಢಮ್ಮೆನ್ನುವುದು ಇದೇ ಗುಣದಿಂದ. ಮೇಲ್ತರಗತಿಯ ಹುಡುಗರಿಗೆ ಈ ವಿದ್ಯೆಯನ್ನು ತಿಳಿಸದಿರುವುದು ಕ್ಷೇಮ.)

ಬರೆಯುವ ಕ್ರಮವೂ ಮುಖ್ಯವೇ. ಊದದ ಪುಗ್ಗೆಯ ಮೇಲೆ ಬರೆದರೆ, ಊದಿದಾಗ ಅಕ್ಷರ ಹಿಗ್ಗಿ ಮಂಕಾಗಿ ಬಿರುಕು ಬಿಡುತ್ತದೆ. ಮೊದಲು ಊದಬೇಕು, ತುಂಬ ಬಿಗಿಯಾಗಿ ಅಲ್ಲ, ಸ್ವಲ್ಪ ಗಾಳಿ ಕಡಿಮೆಯೇ ಇರಲಿ. ತಂಬಿಗೆಯ ಬಾಯಿಯ ಮೇಲೆ ಕುಳ್ಳಿರಿಸಿದರೆ ಅಲುಗಾಡದು. ಪೆನ್ನನ್ನು ಓರೆಯಾಗಿ ಹಿಡಿದು, ಒತ್ತದೆ, ಹಗುರವಾಗಿ ಎಳೆಯಬೇಕು. ಹಳದಿ, ಬಿಳಿ, ತಿಳಿಗುಲಾಬಿ ಪುಗ್ಗೆಗಳ ಮೇಲೆ ಕಪ್ಪು ಅಥವಾ ನೀಲಿ ಎದ್ದು ಕಾಣುತ್ತದೆ. ಬರೆದ ಮೇಲೆ ಒಂದೆರಡು ನಿಮಿಷ ಮುಟ್ಟಬಾರದು.

ಮಾರ್ಕರ್ ಹಚ್ಚಿದ ಪುಗ್ಗೆಯನ್ನು ಬಾಯಿಯಿಂದ ಊದಬೇಡಿ, ಕೈಪಂಪು ಬಳಸಿ. ಇನ್ನೂ ಗಂಭೀರವಾದುದು, ಒಡೆದ ಪುಗ್ಗೆಯ ಚೂರು. ಅದು ಮಗುವಿನ ಗಂಟಲಿಗಿಳಿದರೆ ಶ್ವಾಸನಾಳಕ್ಕೆ ಅಂಟಿ ಪ್ರಾಣಕ್ಕೇ ಸಂಚಕಾರ. ಎಂಟು ವರ್ಷದೊಳಗಿನ ಮಕ್ಕಳಿಗೆ ಈ ಅಪಾಯವಿದೆಯೆಂದು ಪೊಟ್ಟಣದ ಮೇಲೆ ಎಚ್ಚರಿಕೆ ಮುದ್ರಿಸಬೇಕೆಂಬ ಕಾನೂನು ಅಮೆರಿಕದಲ್ಲಿ 1994ರಲ್ಲಿ ಬಂದಿತು. ಕಾನೂನಿನ ಮಾತು ಹಾಗಿರಲಿ, ನಾನು ಪ್ರತಿ ಪುಗ್ಗೆ ಒಡೆದಾಗಲೂ ಚೂರುಗಳನ್ನು ಎಣಿಸಿದಂತೆ ಆಯುತ್ತಿದ್ದೆನು. ಪುಗ್ಗೆಗಳನ್ನು ಆಕಾಶಕ್ಕೆ ಹಾರಿಬಿಡುವ ಸಂಭ್ರಮಕ್ಕೂ ನಾನು ಒಪ್ಪಿದವಳಲ್ಲ. ಹೊನ್ನಾವರದ ಕಾಸರಕೋಡು ಟೊಂಕದ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ನೀರಿಗೆ ಬಿದ್ದ ಪುಗ್ಗೆಯ ಚೂರನ್ನು ಅವು ಆಹಾರವೆಂದು ನುಂಗುವುದುಂಟು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲವಷ್ಟೆ. ಹೀಗಾಗಿ ಮೀನುಗಾರರ ಮನೆಗಳಲ್ಲಿ ಶಾಲೆ ತೆರೆಯುವ ಹೊತ್ತಿಗೆ ತಂದೆಯರೂ ಇರುತ್ತಾರೆ. ಒಂದು ವರ್ಷ, ಶಾಲೆ ಆರಂಭವಾಗಿ ಹದಿನೈದು ದಿನಗಳ ಮೇಲೆ, ಅಂಥ ಒಬ್ಬ ತಂದೆ ಮಗಳೊಡನೆ ಬಂದರು. ಹುಡುಗಿಯ ಕೈಯಲ್ಲಿ ಗಾಳಿ ಸೋರಿ ಮಾವಿನಕಾಯಿಯಷ್ಟಾದ ಹಳದಿ ಪುಗ್ಗೆ. ಪುಗ್ಗೆ ಕುಗ್ಗಿದಂತೆ ಅಕ್ಷರಗಳೂ ಕುಗ್ಗಿ, ಬರೆದ ದಿನಕ್ಕಿಂತ ಕಪ್ಪಾಗಿ, ದಟ್ಟವಾಗಿ ಕಾಣುತ್ತಿದ್ದವು. ಅವಳು ಬೆರಳಿಟ್ಟು ತನ್ನ ಹೆಸರಿನ ಮೂರು ಅಕ್ಷರಗಳನ್ನೂ ಒಂದೊಂದಾಗಿ ಓದಿ ತೋರಿಸಿದಳು.

ತಂದೆ ಬಂದದ್ದು ಬೇರೆ ಕಾರಣಕ್ಕೆ. “ಅಕ್ಕೋರೇ, ಈ ಪೆನ್ನು ಎಲ್ಲಿ ಸಿಕ್ತದೆ? ಬಲೆಯ ಬೆಂಡಿನ ಮೇಲೆ ನಮ್ಮ ಹೆಸರು ಬರೀಬೇಕಿತ್ತು” ಎಂದರು. ಬಿಸಿಲಿಗೂ ಉಪ್ಪುನೀರಿಗೂ ಈ ಮಸಿ ಬಹುಕಾಲ ತಾಳದು, ಅದಕ್ಕೆ ಎಣ್ಣೆಬಣ್ಣವೇ ಸರಿ ಎಂದೆನು. ಅವರು ತಲೆಯಾಡಿಸಿ, ಕೊಡೆ ಬಿಚ್ಚಿ, ಮಗಳನ್ನು ತರಗತಿಯಲ್ಲಿ ಬಿಟ್ಟು ಹೊರಟರು.