ಕೂತ ಕತ್ತಿಗೆ ಏನು ಪೂಜೆ

ಕೂಡಿಡುವ ಚಟವಿದ್ದವರು ಹೈದರಾಬಾದಿನಲ್ಲಿ ಮನೆ ಮಾಡಬಾರದು. ಈ ಊರು ಅಂಥವರಿಗೆ ಬುದ್ಧಿ ಹೇಳುವುದಿಲ್ಲ, ಬೆನ್ನು ಚಪ್ಪರಿಸುತ್ತದೆ. ಪುರಾನಿ ಹವೇಲಿಗೆ ಹೋದರೆ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಬಟ್ಟೆಯ ಕಪಾಟು ನೋಡಲು ಸಿಗುತ್ತದೆ. ಕಪಾಟು ಎಂದರೆ ಎರಡಂತಸ್ತಿನದು. ಮೇಲಿನದಕ್ಕೆ ಏರಲು ಕೈಯಿಂದ ತಿರುಗಿಸುವ ಮರದ ಲಿಫ್ಟು ಬೇರೆ. ಒಮ್ಮೆ ತೊಟ್ಟದ್ದನ್ನು ಅವರು ಮತ್ತೆ ತೊಡುತ್ತಿರಲಿಲ್ಲ ಎಂದು ಊರ ಮಂದಿ ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಅಂಥದ್ದನ್ನು ನೋಡಿ ಮನೆಗೆ ಬಂದರೆ, ಅಡುಗೆಮನೆಯ ಗೋಡೆಯ ಅಯಸ್ಕಾಂತದ ಪಟ್ಟಿಗೆ ಅಂಟಿಕೊಂಡ ನನ್ನ ಕತ್ತಿಗಳ ಸಾಲು ಲೆಕ್ಕಕ್ಕೇ ಇಲ್ಲ ಅನ್ನಿಸುತ್ತಿತ್ತು.

ಇನ್ನು ಮೂಸಿ ದಂಡೆಯ ಸಾಲಾರ್ ಜಂಗ್ ಮ್ಯೂಸಿಯಮ್ಮಂತೂ ನನ್ನಂಥವರ ಗುರುಪೀಠ. ಮೀರ್ ಯೂಸುಫ್ ಅಲಿ ಖಾನ್, ಅಂದರೆ ಮೂರನೆಯ ಸಾಲಾರ್ ಜಂಗ್, 1912ರಲ್ಲಿ ಇನ್ನೂ ಇಪ್ಪತ್ಮೂರರ ಹುಡುಗನಾಗಿದ್ದಾಗಲೇ ನಿಜಾಮರ ದಿವಾನರಾದರು. ಎರಡು ವರ್ಷಕ್ಕೆ ಆ ಕುರ್ಚಿ ಬಿಟ್ಟು ಕೆಳಗಿಳಿದರು. ಆಮೇಲೆ ಬದುಕಿದ್ದಷ್ಟು ಕಾಲ ಮಾಡಿದ್ದು ಒಂದೇ ಕೆಲಸ, ಕೊಳ್ಳುವುದು. ಗಡಿಯಾರ, ಗೊಂಬೆ, ಪಿಂಗಾಣಿ, ಕುರಾನಿನ ಹಸ್ತಪ್ರತಿ, ಖಡ್ಗ, ಕಠಾರಿ. ಮದುವೆಯಾಗಲಿಲ್ಲ. 1949ರಲ್ಲಿ ತೀರಿಕೊಂಡಾಗ ದಿವಾನ್ ದೇವಡಿಯ ಕೋಣೆಗಳ ತುಂಬ ಸಾಮಾನು. ಅದನ್ನೆಲ್ಲ ಬೇರ್ಪಡಿಸಿ ಜನ ನೋಡುವ ಹಾಗೆ ಜೋಡಿಸಲು ಕರೆಸಿದ್ದು ಜೇಮ್ಸ್ ಕಸಿನ್ಸ್ ಎಂಬ ಐರಿಷ್ ಕವಿಯನ್ನು. ಕನ್ನಡದವರಿಗೆ ಈ ಹೆಸರು ಹೊಸದಲ್ಲ. ಮೈಸೂರಿನಲ್ಲಿ ತರುಣ ಕುವೆಂಪು ತಮ್ಮ ಇಂಗ್ಲಿಷ್ ಕವಿತೆಗಳನ್ನು ಒಯ್ದು ತೋರಿಸಿದಾಗ, ನಿನ್ನ ತಾಯ್ನುಡಿಯಲ್ಲಿ ಬರೆ ಎಂದವರು ಇವರೇ. ಒಬ್ಬರಿಗೆ ಇಂಗ್ಲಿಷ್ ಬಿಡಿಸಿದರು, ಇನ್ನೊಬ್ಬರ ಸಾಮಾನನ್ನು ಸಾಲಾಗಿ ಇಡಿಸಿದರು. ಎರಡೂ ಪುಣ್ಯದ ಕೆಲಸವೇ. 1951ರ ಡಿಸೆಂಬರ್ 16ರಂದು ನೆಹರೂ ಬಂದು ಮ್ಯೂಸಿಯಂ ತೆರೆದರು. ಈಗಿನ ಕಟ್ಟಡಕ್ಕೆ ಬಂದದ್ದು 1968ರಲ್ಲಿ.

ಅಲ್ಲಿ ಜೇಡ್ ಕಲ್ಲಿನ ವಸ್ತುಗಳ ನಡುವೆ ನೂರ್ ಜಹಾನಳದೆಂದು ಹೇಳುವ ಹಣ್ಣಿನ ಚಾಕು ಇದೆ. ಜಹಾಂಗೀರನ ಕಠಾರಿಯೂ ಇದೆ, ಆದರೆ ನನ್ನ ಕಾಲು ನಿಲ್ಲುವುದು ಚಾಕುವಿನ ಎದುರಿಗೆ. ಕಠಾರಿಯ ಕೆಲಸ ಏನೆಂದು ಎಲ್ಲರಿಗೂ ಗೊತ್ತು. ಹಣ್ಣು ಹೆಚ್ಚುವ ಚಾಕುವಿಗೆ ಅಷ್ಟು ಸಿಂಗಾರ ಮಾಡಿಸಿದವರ ಮನಸ್ಸು ನನಗೆ ತೀರ ಹತ್ತಿರದ್ದು. ಸಾಮ್ರಾಜ್ಯ ಆಳುವವರಿಗೇ ಅಡುಗೆಮನೆಯ ಕತ್ತಿಯ ಮೇಲೆ ಇಷ್ಟು ಮೋಹವಿರುವಾಗ, ತಿಂಗಳ ಸಂಬಳದವನೊಬ್ಬ ಜಪಾನಿನಿಂದ ಇಪ್ಪತ್ತು ಸಾವಿರದ ಕತ್ತಿ ತರಿಸಿಕೊಂಡರೆ ತಪ್ಪೇನು ಎಂದು ಬಸ್ಸಿನಲ್ಲಿ ವಾದ ಹೂಡಿಕೊಂಡೇ ಮನೆಗೆ ಬರುತ್ತಿದ್ದೆ.

ಮೊದಲನೆಯದು ಬಂದದ್ದು ಸಕಾಯಿ ಊರಿನದು. ಆ ಊರಿನ ಹೆಸರು ಮೊದಲು ಹಬ್ಬಿದ್ದು ತಂಬಾಕು ಹೆಚ್ಚುವ ಕತ್ತಿಯಿಂದ. 1876ರಲ್ಲಿ ಜಪಾನಿನ ಸರ್ಕಾರ ಸಮುರಾಯಿಗಳು ಸೊಂಟಕ್ಕೆ ಕತ್ತಿ ಕಟ್ಟಿ ತಿರುಗುವುದನ್ನೇ ನಿಲ್ಲಿಸಿತು. ಖಡ್ಗ ಬಡಿಯುತ್ತಿದ್ದ ಎಷ್ಟೋ ಕೈಗಳು ಅಡುಗೆಮನೆಯ ಕತ್ತಿಗೆ ತಿರುಗಿದವು. ಇದನ್ನು ಓದಿದ ಮೇಲೆ ಈರುಳ್ಳಿ ಹೆಚ್ಚುವ ಕೆಲಸಕ್ಕೆ ಒಂದು ಗತ್ತು ಬಂತು. ಸಕಾಯಿ ಆದಮೇಲೆ ಸೆಕಿ, ಸೆಕಿ ಆದಮೇಲೆ ಜರ್ಮನಿಯ ಜೋಲಿಂಗನ್, ನಡುವೆ ಒಂದು ಫ್ರೆಂಚ್ ಮಡಿಚುಗತ್ತಿ. ಬರೀ ಕತ್ತಿ ತಂದರೆ ಮುಗಿಯಲಿಲ್ಲವಲ್ಲ. ಸಾವಿರ ನಂಬರಿನ ಸಾಣೆಕಲ್ಲು, ಆರು ಸಾವಿರ ನಂಬರಿನ ಸಾಣೆಕಲ್ಲು, ಆ ಕಲ್ಲುಗಳನ್ನು ಮಟ್ಟ ಮಾಡುವ ಇನ್ನೊಂದು ಕಲ್ಲು, ಚರ್ಮದ ಪಟ್ಟಿ, ಎಣ್ಣೆ. ಕಸ್ಟಮ್ಸ್ ಸುಂಕ ಸೇರಿಸಿದರೆ ಕೆಲವು ಕತ್ತಿಗಳು ವಿಮಾನದಲ್ಲಿ ಸೀಟು ಹಿಡಿದೇ ಬಂದವೇನೋ ಅನ್ನುವಷ್ಟು ಬೆಲೆ.

ಈಗ ಕೂತು ಯೋಚಿಸಿದರೆ, ನಾನು ದುಡ್ಡು ಸುರಿದದ್ದು ಕತ್ತಿಗಿಂತ ಹೆಚ್ಚಾಗಿ ಕತೆಗೆ. ಆಫೀಸಿನಿಂದ ಬಂದು, ಊಟ ಮುಗಿಸಿ, ಎಲ್ಲರೂ ಮಲಗಿದ ಮೇಲೆ ಯಾವ ಉಕ್ಕು, ಯಾವ ಕಮ್ಮಾರ, ಎಷ್ಟು ಗಡಸು ಎಂದು ಓದುತ್ತ ಕೂರುವ ಆ ಎರಡು ಗಂಟೆ ಇದೆಯಲ್ಲ, ಸುಖ ಇದ್ದದ್ದು ಅಲ್ಲಿ. ಡಬ್ಬಿ ಮನೆಗೆ ಬಂದು, ಒಂದು ಟೊಮೆಟೊ ಕಾಗದದಷ್ಟು ತೆಳ್ಳಗೆ ಹೆಚ್ಚಿ, ಮನೆಯವರನ್ನೆಲ್ಲ ಕರೆದು ತೋರಿಸಿದರೆ ಆ ಕತ್ತಿಯ ಕತೆ ಮುಗಿಯುತ್ತಿತ್ತು. ವಾರದೊಳಗೆ ಇನ್ನೊಂದರ ಓದು ಶುರು.

ಆ ಓದು ನನ್ನನ್ನು ತಿರುಗಿಸಿ ತಂದು ನಿಲ್ಲಿಸಿದ್ದು ಮನೆಯ ಹಿತ್ತಲಿಗೇ. ಹೈದರಾಬಾದಿನಿಂದ ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ತಲುಪುವ ನಿಜಾಮಾಬಾದ್ ಜಿಲ್ಲೆಯಲ್ಲಿ ಕೋನಸಮುದ್ರಂ ಎಂಬ ಹಳ್ಳಿ. ಡಮಾಸ್ಕಸ್ ಖಡ್ಗ ಎಂದು ಜಗತ್ತು ಬಾಯಿಬಿಟ್ಟು ನೋಡಿದ ಪರ್ಷಿಯಾ ಕಡೆಯ ಖಡ್ಗಗಳಿಗೆ ಉಕ್ಕಿನ ಗಟ್ಟಿ ಹೋಗುತ್ತಿದ್ದುದು ಇಂಥ ಹಳ್ಳಿಗಳಿಂದ. ತ್ರಿಕೋನಮಿತಿ ಸರ್ವೇಯ ತಂಡದ ಜೊತೆ ಬಂದಿದ್ದ ಡಾಕ್ಟರ್ ವಾಯ್ಸಿ 1820ರ ದಶಕಕ್ಕೂ ಮುಂಚೆಯೋ ಅದರ ಮೊದಲಿಗೋ ಅಲ್ಲಿ ಕಂಡದ್ದನ್ನು ಬರೆದಿಟ್ಟಿದ್ದಾನೆ. ಅವನು ಸತ್ತ ಮೇಲೆ, 1832ರಲ್ಲಿ, ಅದು ಅಚ್ಚಾಯಿತು. ಎರಡು ಬಗೆಯ ಕಬ್ಬಿಣ ಬೆರೆಸಿ ಮಣ್ಣಿನ ಮೂಸೆಗೆ ತುಂಬಿ, ಬಾಯಿ ಮೆತ್ತಿ, ಒಂದು ಹಗಲು ಒಂದು ರಾತ್ರಿ ತಿದಿ ಒತ್ತಿ ಕಾಯಿಸುವುದು. ಇಸ್ಫಹಾನಿನ ವರ್ತಕನೊಬ್ಬ ಅಲ್ಲಿಯೇ ಬಿಡಾರ ಹೂಡಿ, ಕಬ್ಬಿಣವನ್ನು ತಾನೇ ತೂಗಿ, ಎದುರಿಗೆ ನಿಂತು ಉಕ್ಕು ಮಾಡಿಸಿಕೊಳ್ಳುತ್ತಿದ್ದನಂತೆ. ನಾನು ರಾತ್ರಿ ಹನ್ನೊಂದಕ್ಕೆ ಜಪಾನಿನ ಕಮ್ಮಾರನ ಬಗ್ಗೆ ಓದಿದ ಹಾಗೆ ಆ ಇಸ್ಫಹಾನಿನವನು ನಮ್ಮ ತೆಲಂಗಾಣದ ಕಮ್ಮಾರನ ಬಗ್ಗೆ ಕೇಳಿಯೇ ಅಷ್ಟು ದೂರ ಬಂದಿರಬೇಕು. ನಮ್ಮ ಕಡೆಯೂ ಇತ್ತು ಈ ಕೆಲಸ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್ ಮಾಗಡಿಯ ಹತ್ತಿರ ಉಕ್ಕು ಮಾಡುವುದನ್ನೂ, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವುದನ್ನೂ ಬರೆದಿದ್ದಾನೆ. ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ವಿದ್ಯುತ್ತಿನ ದೊಡ್ಡ ಶೋಧಗಳಿಗೆ ಮೊದಲು ಜೇಮ್ಸ್ ಸ್ಟೋಡಾರ್ಟ್ ಎಂಬ ಕತ್ತಿ ಮಾಡುವವನ ಜೊತೆ ಸೇರಿ ಈ ಉಕ್ಕಿನ ಗುಟ್ಟು ಹುಡುಕುತ್ತ ಕೂತಿದ್ದ. ಅಗ್ಗದ ವಿಲಾಯತಿ ಉಕ್ಕು ಬಂತು, ಇದ್ದಿಲಿಗೆ ಕಾಡು ಸಿಗದಾಯಿತು, ನೂರು ವರ್ಷದೊಳಗೆ ಮೂಸೆಗಳು ಆರಿದವು. ಆ ಉಕ್ಕಿನ ಮೇಲೆ ನೀರಿನ ಅಲೆಯಂತೆ ಮೂಡುವ ಗೆರೆಗಳಿಗೆ ಅದಿರಿನಲ್ಲಿ ಚೂರುಪಾರು ಇದ್ದ ವನೇಡಿಯಂನಂಥ ಲೋಹ ಕಾರಣ ಎಂದು ಅಮೆರಿಕದಲ್ಲಿ ವರ್ಹೋವನ್ ಎಂಬ ಲೋಹಶಾಸ್ತ್ರಜ್ಞರೂ ಪೆಂಡ್ರೆ ಎಂಬ ಕಮ್ಮಾರರೂ ಕೂಡಿ ತೋರಿಸಿದ್ದು ಇತ್ತೀಚೆಗೆ, 1990ರ ದಶಕದಲ್ಲಿ.

ಇಷ್ಟನ್ನು ಓದಿದವನ ಗೋಡೆಯ ಮೇಲೆ ಇದ್ದ ‘ಡಮಾಸ್ಕಸ್’ ಕತ್ತಿಯ ಅಲೆಗೆರೆ ಏನು? ಎರಡು ತರದ ಉಕ್ಕಿನ ಹಾಳೆಗಳನ್ನು ಒಂದರ ಮೇಲೊಂದು ಬೆಸೆದು, ಆಸಿಡ್ಡಿನಲ್ಲಿ ಅದ್ದಿ ತೆಗೆದದ್ದು. ಕೆಟ್ಟದ್ದೇನಲ್ಲ. ಆದರೆ ಕೋನಸಮುದ್ರದ ಉಕ್ಕಿಗೂ ಅದಕ್ಕೂ ಸಂಬಂಧ ಹೆಸರಿನದು ಮಾತ್ರ. ಪಕ್ಕದ ಜಿಲ್ಲೆಯ ಹೆಸರಿಗೆ ಡಾಲರಿನಲ್ಲಿ ದುಡ್ಡು ಕಟ್ಟಿದ್ದೆ.

ಲೆಕ್ಕ ಕೇಳಿದ್ದು ಅವ್ವ. ಕಲಬುರಗಿಯಿಂದ ನಮ್ಮಲ್ಲಿಗೆ ಬಂದಿದ್ದಳು, ಮಹಾನವಮಿಯ ಹೊತ್ತು. ಅವಳಿಗೆ ಹೈದರಾಬಾದು ಪರವೂರೇ ಅಲ್ಲ. 1956ರವರೆಗೆ ಕಲಬುರಗಿ ಈ ಊರಿನ ಕೈಕೆಳಗೇ ಇತ್ತು, ಅವಳ ಅಪ್ಪ ಕೋರ್ಟು ಕಚೇರಿಗೆ ಇಲ್ಲಿಗೇ ಓಡಾಡುತ್ತಿದ್ದರು. ನಮ್ಮ ಕಡೆ ಆಯುಧಪೂಜೆಗೆ ಖಂಡೇಪೂಜಿ ಅನ್ನುತ್ತಾರೆ. ಕಂಬಳಿ ಹಾಸಿ, ಮನೆಯ ಕೊಡ್ಲಿ, ಕುಡುಗೋಲು, ಈಳಗಿ, ಅಪ್ಪನ ಅಡಕತ್ತು, ಕತ್ತರಿ ಎಲ್ಲ ಇಟ್ಟು ಪೂಜೆ. ಇಲ್ಲಿ ನಾನು ಕತ್ತಿಗಳನ್ನೆಲ್ಲ ಹೊರಗೆ ತೆಗೆದು ಟೀಪಾಯಿಯ ಮೇಲೆ ಸಾಲಾಗಿ ಜೋಡಿಸಿದೆ. ಟೀಪಾಯಿ ಸಾಲಲಿಲ್ಲ. ಸೋಫಾದ ಮೇಲೂ ಇಟ್ಟೆ. ಅವ್ವ ಕುಂಕುಮದ ಬಟ್ಟಲು ಹಿಡಿದು ನಿಂತಳು.

‘ಇದರಾಗ ಯಾವ್ಯಾವು ದುಡದಾವ ಹೇಳು ತಮ್ಮಾ.’

ನಾನು ಸಕಾಯಿಯ ಕತೆ ತೆಗೆದೆ.

‘ಅದನ್ನ ಕೇಳಲಿಲ್ಲ ನಾ. ಈ ವರ್ಷ ಕಾಯಿಪಲ್ಯಾ ಹೆಚ್ಚಿದ್ದು ಯಾವುದು? ದುಡದದ್ದಕ್ಕ ಪೂಜಿ. ಸುಮ್ನ ಕೂತದ್ದಕ್ಕ ಏನ್ ಪೂಜಿ?’

ಮೂರು ಕತ್ತಿ ತೋರಿಸಿದೆ. ಅವಕ್ಕೆ ಕುಂಕುಮ ಬಿತ್ತು. ಉಳಿದವು ಪಿಂಚಣಿದಾರರ ಹಾಗೆ ಸೋಫಾದ ಮೇಲೆ ಕೂತು ನೋಡಿದವು. ಅದೂ ಒಂದು ದೃಷ್ಟಿಯಿಂದ ಒಳ್ಳೆಯದೇ ಆಯಿತು, ಒದ್ದೆ ಕುಂಕುಮ ಬಿದ್ದಲ್ಲಿ ಸಾದಾ ಇಂಗಾಲದ ಉಕ್ಕು ಸಂಜೆಯೊಳಗೆ ಕಲೆ ಕಟ್ಟುತ್ತದೆ.

ಕೂತ ಕತ್ತಿಗಳ ಚಾಕರಿ ಎಂಥದ್ದೆಂದು ಅವ್ವನಿಗೆ ಹೇಳಲಿಲ್ಲ. ಮಳೆಗಾಲ ಬಂತೆಂದರೆ ಇಂಗಾಲದ ಉಕ್ಕಿಗೆ ರಾತ್ರೋರಾತ್ರಿ ಕಿತ್ತಳೆ ಬಣ್ಣದ ಚುಕ್ಕೆ. ದಿನಾ ಬಳಸುವ ಕತ್ತಿಗೆ ಆ ಕಾಟ ಕಡಿಮೆ. ಒರೆಸಿ ಇಡುತ್ತಿರುತ್ತೇವೆ, ಬಳಸಿ ಬಳಸಿ ಬೂದುಬಣ್ಣ ಹಿಡಿದಿರುತ್ತದೆ, ಆ ಬಣ್ಣವೇ ಕಾಯುತ್ತದೆ. ತುಕ್ಕು ಹುಡುಕಿಕೊಂಡು ಹೋಗುವುದು ಬಳಸದೆ ಇಟ್ಟದ್ದನ್ನೇ. ಹಾಗಾಗಿ ಶ್ರಾವಣದ ಭಾನುವಾರಗಳಲ್ಲಿ ಒಂದೊಂದನ್ನೇ ತೆಗೆದು, ಉಜ್ಜಿ, ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿಡುವುದು. ಕತ್ತಿ ನನಗೆ ದುಡಿಯುವುದು ಬಿಟ್ಟು ನಾನು ಕತ್ತಿಗೆ ದುಡಿಯುತ್ತಿದ್ದೆ.

ಅಷ್ಟಕ್ಕೂ ನಮ್ಮ ಅಡುಗೆಗೆ ಅವು ಎಷ್ಟು ಒಗ್ಗುತ್ತಿದ್ದವು ಎಂಬುದೂ ಬೇರೆಯೇ ಪ್ರಶ್ನೆ. ಮೇ ತಿಂಗಳಲ್ಲಿ ಈ ಊರಿಗೆ ಆವಕಾಯಿ ಜ್ವರ ಬರುತ್ತದೆ. ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುವಾಗ ಒಳಗಿನ ವಾಟೆಯ ಸಮೇತ ಹೆಚ್ಚಬೇಕು, ಹೋಳಿಗೆ ಆ ಗಟ್ಟಿ ಚಿಪ್ಪು ಅಂಟಿಕೊಂಡೇ ಇರಬೇಕು, ಇಲ್ಲವಾದರೆ ವರ್ಷ ತಾಳುವುದಿಲ್ಲ. ರಾಕ್‌ವೆಲ್ ಅಳತೆಯಲ್ಲಿ ಅರವತ್ತು ದಾಟಿದ, ತೆಳುವಾದ ಜಪಾನಿ ಅಲಗನ್ನು ವಾಟೆಯ ಮೇಲೆ ಇಟ್ಟು ಒತ್ತಿದರೆ ವಾಟೆ ಸೀಳುವುದಿಲ್ಲ, ಅಲಗಿನ ಹಲ್ಲು ಉದುರುತ್ತದೆ. ಅಷ್ಟು ಗಡಸು ಉಕ್ಕು ಬಾಗುವುದನ್ನು ಅರಿಯದು. ಸಿಕಂದರಾಬಾದಿನ ಮೊಂಡಾ ಮಾರ್ಕೆಟ್ಟಿನಲ್ಲಿ ಆ ಕೆಲಸ ಮಾಡುವವರು ಮರದ ಮಣೆಗೆ ಬಡಿದ ದಪ್ಪ ಕತ್ತಿ ಇಟ್ಟುಕೊಂಡು ಕೂತಿರುತ್ತಾರೆ. ಕಾಯಿ ಇಟ್ಟರು, ಹಿಡಿ ಒತ್ತಿದರು, ಟಕ್. ಅದರ ಉಕ್ಕು ಯಾವುದು, ಕಮ್ಮಾರ ಯಾರು ಎಂದು ಯಾರೂ ಕೇಳುವುದಿಲ್ಲ. ಕಿಲೋಗೆ ಎಷ್ಟು ಎಂದು ಕೇಳುತ್ತಾರೆ.

ಹವ್ಯಾಸಕ್ಕೆ ದುಡ್ಡು ಹಾಕುವುದೇ ದಂಡ ಎಂದು ಹೇಳುವವರ ಗುಂಪಿಗೆ ನಾನಿನ್ನೂ ಸೇರಿಲ್ಲ. ಏಳನೆಯ ನಿಜಾಮ ಉಸ್ಮಾನ್ ಅಲಿ ಖಾನರನ್ನೇ ನೋಡಿ. 1937ರಲ್ಲಿ ಟೈಮ್ ಪತ್ರಿಕೆ ಜಗತ್ತಿನ ಅತಿ ದೊಡ್ಡ ಶ್ರೀಮಂತ ಎಂದು ಮುಖಪುಟಕ್ಕೆ ಹಾಕಿದ್ದು ಇವರನ್ನು. ತಾವು ಮಾತ್ರ ಹಳೆಯ ಟೋಪಿ, ಮಾಸಿದ ಶೇರ್ವಾನಿ. ತಂದೆಯ ಚಪ್ಪಲಿಯ ತುದಿಯಲ್ಲಿ ಸಿಕ್ಕಿತೆನ್ನುವ ಜೇಕಬ್ ವಜ್ರವನ್ನು ಕಾಗದ ಹಾರದಂತೆ ಮೇಜಿನ ಮೇಲೆ ಇಟ್ಟುಕೊಂಡಿದ್ದರಂತೆ. ಜನ ಇದನ್ನು ಜಿಪುಣತನದ ಕತೆಯಾಗಿ ಹೇಳಿ ನಗುತ್ತಾರೆ. ಅವ್ವನ ಲೆಕ್ಕದಲ್ಲಿ ನೋಡಿದರೆ ಆ ವಜ್ರ ತನ್ನ ಆಯುಷ್ಯದಲ್ಲಿ ದುಡಿದದ್ದು ಆಗ ಮಾತ್ರ. ಈಗ ಅದು ಸರ್ಕಾರದ ವಶ. ನಿಜಾಮರ ಒಡವೆಗಳ ಜೊತೆ 1995ರಲ್ಲಿ 218 ಕೋಟಿ ರೂಪಾಯಿಗೆ ಕೊಂಡು ತಿಜೋರಿಯಲ್ಲಿ ಕೂಡಿಸಿದ್ದಾರೆ.

ಕತ್ತಿ ಕಣ್ಣಿನ ವಸ್ತುವಲ್ಲ, ಕೈಯದು. ನೂರ್ ಜಹಾನಳ ಚಾಕು ಗಾಜಿನ ಹಿಂದೆ ಎಷ್ಟು ಚೆಂದ ಕಂಡರೂ ಅದು ಸೇಬನ್ನು ಹೇಗೆ ಕೊಯ್ಯುತ್ತದೆಂದು ಇವತ್ತು ಯಾರಿಗೂ ಗೊತ್ತಿಲ್ಲ. ನಾನು ಇಷ್ಟಪಟ್ಟದ್ದು ಆ ಕೊಯ್ಯುವಿಕೆಯನ್ನಾದರೆ, ನಾನು ಸಾಣೆ ಹಿಡಿಯಬಲ್ಲಷ್ಟು ಕತ್ತಿ ಮಾತ್ರ ನನ್ನವು, ಮಿಕ್ಕದ್ದು ಗೋಡೆಯದು. ನಮ್ಮ ಶಸ್ತ್ರಾಸ್ತ್ರ ಕಾಯಿದೆಗೂ ಈ ವಿಷಯ ಗೊತ್ತಿದ್ದ ಹಾಗಿದೆ. ಒಂಬತ್ತು ಅಂಗುಲಕ್ಕಿಂತ ಉದ್ದದ ಅಥವಾ ಎರಡು ಅಂಗುಲಕ್ಕಿಂತ ಅಗಲದ ಅಲಗು ಆಯುಧದ ಪಟ್ಟಿಗೆ ಬರುತ್ತದೆ, ಮನೆಬಳಕೆಗೆ, ಬೇಸಾಯಕ್ಕೆ ಎಂದೇ ಮಾಡಿದವನ್ನು ಬಿಟ್ಟು. ನನ್ನಲ್ಲಿದ್ದ 240 ಮಿಲಿಮೀಟರಿನದು ಒಂಬತ್ತು ಅಂಗುಲ ದಾಟುತ್ತದೆ. ಅಡುಗೆಗೆಂದು ಹುಟ್ಟಿದ್ದರಿಂದ ಬಚಾವು. ಅವ್ವನ ಕಾಯಿದೆ ಇನ್ನೂ ಬಿಗಿ. ಅಡುಗೆಗೆಂದು ಹುಟ್ಟಿದರೆ ಸಾಲದು, ಅಡುಗೆ ಮಾಡಬೇಕು.

ಮಾರಲು ಹೊರಟಾಗ ಗೊತ್ತಾಯಿತು, ಕೊಳ್ಳುವಾಗ ಇದ್ದ ಬೆಲೆಗೂ ಮಾರುವಾಗಿನ ಬೆಲೆಗೂ ಪರಿಚಯವೇ ಇಲ್ಲ. ಹುಚ್ಚು ಇದ್ದವರಿಗೆ ಹೊಸದು ಬೇಕು, ಹುಚ್ಚು ಇಲ್ಲದವರಿಗೆ ಅದು ನಾನೂರು ರೂಪಾಯಿಯ ಸಾಮಾನು. ಕೆಲವು ಪರಿಚಯದವರಿಗೆ ಅರ್ಧ ಬೆಲೆಗೆ ಹೋದವು, ಫ್ರೆಂಚ್ ಮಡಿಚುಗತ್ತಿ ಭಾವಮೈದುನನ ಕೈಸೇರಿತು. ಕೊನೆಗೆ ಬಂದವನು ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. ಕತೆ ಕೇಳಲಿಲ್ಲ. ಒಂದೊಂದನ್ನೇ ಕೈಯಲ್ಲಿ ತೂಗಿ, ಹಿಡಿಗಿಂತ ಮುಂದೆ ಅಲಗಿನ ಬುಡವನ್ನೇ ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು, ಈರುಳ್ಳಿ ಇದೆಯಾ ಅಂದ. ಹೆಂಡತಿ ಎರಡು ಕೊಟ್ಟಳು. ನನ್ನ ಮಾತು ಮುಗಿಯುವುದರೊಳಗೆ ಅವು ಮಣೆಯ ಮೇಲೆ ಸಣ್ಣ ರಾಶಿಯಾಗಿದ್ದವು. ಅವನಿಗೆ ನಾನು ಹೇಳಿದ ಬೆಲೆ ಹೆಚ್ಚೆನಿಸಿತು, ಅವನು ಹೇಳಿದ್ದು ನನಗೆ ಕಡಿಮೆ ಎನಿಸಲಿಲ್ಲ. ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡ. ಅವು ಬಂದಿದ್ದ ಮರದ ಡಬ್ಬಿಗಳನ್ನು ಮುಂದೆ ಇಟ್ಟರೆ ಬೇಡ ಅಂದ. ಬೈಕಿನ ಮೇಲೆ ಅದನ್ನೆಲ್ಲ ಎಲ್ಲಿ ಹೊರಲಿ ಸಾರ್.

ಡಬ್ಬಿಗಳು ಉಳಿದವು. ಜಪಾನಿನವರು ಕಿರಿ ಎನ್ನುವ ಹಗುರ ಮರದವು, ಉದ್ದಕ್ಕೆ, ನಯವಾಗಿ, ಮುಚ್ಚಳ ಸರಿಯಾಗಿ ಕೂರುವಂಥವು. ಅವ್ವ ಒಂದರಲ್ಲಿ ಊದಿನಕಡ್ಡಿ ತುಂಬಿದಳು, ಇನ್ನೊಂದರಲ್ಲಿ ಹೂಬತ್ತಿ, ಮೂರನೆಯದರಲ್ಲಿ ಏನೋ ಕಾಗದಪತ್ರ. ಮುಂದಿನ ಮಳೆಗಾಲದಲ್ಲಿ ಕಲಬುರಗಿಯಿಂದ ಫೋನು ಬಂತು.

‘ಇದರಾಗ ಇಟ್ಟದ್ದು ಹಸಿ ಆಗವಲ್ದು ನೋಡು. ಇಂಥಾವು ಇನ್ನೊಂದ್ನಾಕು ತರಸ್ತೀಯೇನು ತಮ್ಮಾ?’

ಡಬ್ಬಿಯನ್ನಷ್ಟೇ ಮಾರುವುದಿಲ್ಲ, ಒಳಗೆ ಕತ್ತಿ ಇಟ್ಟೇ ಕಳಿಸುತ್ತಾರೆ ಎಂದೆ.

‘ಹಂಗಾರ ಸಣ್ಣದೊಂದು ಕತ್ತಿ ಇರವಲ್ದ್ಯಾಕ,’ ಅಂದಳು.