ಕಣಿವೆ ನೀರು, ಸಿಗರೇಟಿನ ಮೋಟು

ನಮ್ಮ ಕಡೆ ಇಬ್ಬರು ಸೇರಿದರೆ ಮಳೆ ಬೆಳೆಯ ಜೊತೆಗೆ ಇನ್ನೊಂದು ಮಾತು ಬಂದೇ ಬರುತ್ತದೆ: ‘ಕಣಿವೇಲಿ ನೀರೆಷ್ಟಾತಂತೆ?’ ಹಿರಿಯೂರಿನ ಹೋಟೆಲಿನಲ್ಲಾಗಲಿ ಹೊಸದುರ್ಗದ ಬಸ್ಸಿನಲ್ಲಾಗಲಿ, ಅಡಿಯ ಲೆಕ್ಕ ಬಾಯಲ್ಲಿಟ್ಟುಕೊಂಡವರು ಒಬ್ಬರಾದರೂ ಇರುತ್ತಾರೆ. 130 ಅಡಿ ಮುಟ್ಟಿದರೆ ಕೋಡಿ. ನಾವು ಕಣಿವೆ ಎನ್ನುವ, 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 89 ವರ್ಷ ಕಳೆದು, 2022ರಲ್ಲಿ. 2025ರ ಜನವರಿಯಲ್ಲಿ ಮತ್ತೊಮ್ಮೆ. ನೋಡಲು ಜನವೋ ಜನ. ಬರಲಿ, ಬರಗಾಲ ಕಂಡ ಸೀಮೆ ಇದು, ನೀರು ನೋಡಿ ಕಣ್ಣು ತುಂಬಿಕೊಳ್ಳಲಿ. ಆದರೆ ಬಂದವರು ಎಸೆದ ಬಾಟಲಿ, ಚಿಪ್ಸ್ ಕವರನ್ನಾದರೂ ಆರಿಸಿ ತೆಗೆಯಬಹುದು. ಸಿಗರೇಟಿನ ಮೋಟು ಕಲ್ಲುಸಂದಿಯಲ್ಲಿ ಅಡಗಿ, ಮಳೆ ಹೊಯ್ದಾಗ ನೀರಿಗಿಳಿಯುತ್ತದೆ.

ಹಿಂದಿನವರೂ ಸೇದುತ್ತಿದ್ದರು. ಮೋಟು ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು, ಬೇಕಾದಾಗ ಮತ್ತೆ ಹಚ್ಚುತ್ತಿದ್ದ ಹಿರಿಯರನ್ನು ನಾವೆಲ್ಲ ಕಂಡಿದ್ದೇವೆ. ಎಲೆ, ಹೊಗೆಸೊಪ್ಪು, ನೂಲು, ಬೀಡಿಯೆಂದರೆ ಅಷ್ಟೆ. ಎದೆ ಸುಡುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಎಸೆದದ್ದು ಮಾತ್ರ ಮಣ್ಣಾಗುತ್ತಿತ್ತು. ಸಿಗರೇಟಿನ ಫಿಲ್ಟರ್ ನೋಡಲು ಹತ್ತಿಯಂತಿದ್ದರೂ ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಎಳೆ. ವರ್ಷಗಟ್ಟಲೆ ಉಳಿಯುತ್ತದೆ. ಸೇದುವವನ ಎದೆಯನ್ನೂ ಅದು ಕಾಯುವುದಿಲ್ಲ.

ಹೊಗೆಸೊಪ್ಪು ನೆನೆಸಿದ ನೀರನ್ನು ಗಿಡಕ್ಕೆ ಹೊಡೆದರೆ ಹುಳ ಸಾಯುತ್ತದೆಂದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೋಟು ನೀರಿಗೆ ಬಿದ್ದಾಗ ಆಗುವುದೂ ಅದೇ ಕಷಾಯ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಇದನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು: ಲೀಟರಿಗೆ ಸುಮಾರು ಒಂದು ಸೇದಿದ ಮೋಟಿನಂತೆ ನೆನೆಸಿದ ನೀರಿನಲ್ಲಿ ಅರ್ಧದಷ್ಟು ಮೀನು ಸತ್ತವು. 30 ಟಿಎಂಸಿ ಹಿಡಿಸುವ ಸಾಗರಕ್ಕೆ ಒಂದು ಮೋಟು ಯಾವ ಲೆಕ್ಕ ಎನ್ನುವವರಿದ್ದಾರೆ. ಮೋಟು ಸೇರುವುದು ನಡುನೀರಿಗಲ್ಲ, ದಡದ ತೆಳುನೀರಿಗೆ. ಮರಿಮೀನು ಆಡುವುದೂ ಅಲ್ಲೇ, ದನ ಕುಡಿಯುವುದೂ ಅಲ್ಲೇ. ಹಿರಿಯೂರು, ಚಿತ್ರದುರ್ಗದ ನಲ್ಲಿಗೆ ಬರುವುದೂ ಇದೇ ಸಾಗರದ ನೀರು. ಇನ್ನು ಬೇಸಿಗೆಯಲ್ಲಿ, ಗುಡ್ಡದ ಹುಲ್ಲು ಒಣಗಿ ನಿಂತಾಗ, ಆರದ ಮೋಟೊಂದು ಸಾಕು.

ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡವನ್ನು ಕರ್ನಾಟಕ 200 ರೂಪಾಯಿಯಿಂದ 1000ಕ್ಕೆ ಏರಿಸಿದೆ, ಒಳ್ಳೆಯದೇ. ಆ ದಂಡ ಸೇದಿದ್ದಕ್ಕೆ. ಮೋಟಿನ ಗತಿ ಏನೆಂದು ಅದು ಕೇಳುವುದಿಲ್ಲ. ಯುರೋಪಿನಲ್ಲಿ 2019ರ ಕಾನೂನಿನ ಪ್ರಕಾರ ಮೋಟು ಗುಡಿಸುವ ಖರ್ಚನ್ನು ತಂಬಾಕು ಕಂಪನಿಗಳೇ ಕೊಡಬೇಕು. ನ್ಯಾಯವಾದ ಮಾತು. ಲಾಭ ಅವರಿಗೆ, ಗುಡಿಸುವುದು ಪೌರಕಾರ್ಮಿಕರಿಗೆ ಎನ್ನುವುದನ್ನು ನಾವೂ ಒಪ್ಪಬಾರದು.

ಅಂಥ ಕಾನೂನು ನಮ್ಮಲ್ಲೂ ಬರುವವರೆಗೆ, ಸಿಗರೇಟು ಮಾರುವ ಗೂಡಂಗಡಿ, ಟೀ ಅಂಗಡಿಗಳ ಮುಂದೆ ಮರಳು ತುಂಬಿದ ಡಬ್ಬಿ ಇಡಿಸೋಣ. ಅಣೆಕಟ್ಟೆಗೆ ಹೋಗುವ ದಾರಿಯಲ್ಲಿ, ಕಣಿವೆ ಮಾರಮ್ಮನ ಗುಡಿಯ ಬಳಿ, ವಾಹನ ನಿಲ್ಲಿಸುವಲ್ಲಿ ಮೊದಲು. ಬೆಂಕಿ ಅಲ್ಲೇ ಆರುತ್ತದೆ, ಮೋಟು ಅಲ್ಲೇ ಉಳಿಯುತ್ತದೆ. ತುಂಬಿದ ಡಬ್ಬಿಯನ್ನು ತಿಪ್ಪೆಗೆ ಸುರಿಯಬಾರದು, ಗೊಬ್ಬರದ ಜೊತೆ ಹೊಲಕ್ಕೆ ಹೋದೀತು. ಪಂಚಾಯಿತಿಯ ಕಸದ ಗಾಡಿ ಅದನ್ನು ಬೇರೆ ಚೀಲದಲ್ಲಿ ಒಯ್ಯಬೇಕು. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಯಾರಾದರೂ ಎತ್ತಲೇಬೇಕು.